ಪೊಜಾರೆಲ್ಲೊ ಮನೆಯ ಟೊಮೆಟೊ ವಾರ

ರಜೆಗೆ ಬಂಗಲೆ ಆರಿಸಲು ಬಂದವರ ಮುಖವನ್ನು ಇಲ್ವಾ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದಳು. ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಬಂದವರಿಗೆ ಕಾರು ಬಾಗಿಲವರೆಗೂ ಹೋಗುವ ಮನೆ. ಬೆಟ್ಟ ಹತ್ತುವ ಬೂಟಿನವರಿಗೆ ಸರಿಯಾದ ದಾರಿಯೇ ಇಲ್ಲದ ಮನೆ. ಕಾಲುಚೀಲವಿಲ್ಲದೆ ಒಳ್ಳೆಯ ಬೂಟು ತೊಟ್ಟ ಗಂಡಸರಿಗೆ ಎಲ್ಲಕ್ಕಿಂತ ದುಬಾರಿ ಮನೆ; ಅಂಥವರು ಬೆಲೆ ಕೇಳಿದರೆ ಹೆಂಡತಿಯ ಮುಂದೆ ಮರ್ಯಾದೆ ಹೋಗುತ್ತದೆಂದು ಕೇಳುವುದೇ ಇಲ್ಲ ಎನ್ನುವುದು ಅವಳ ಅನುಭವ.

ರಿಪಾಲ್ಬಾ ಊರಿನ ಸುತ್ತಲ ಗುಡ್ಡಗಳಲ್ಲಿ ಅಂಥ ಹನ್ನೊಂದು ಬಂಗಲೆಗಳಿದ್ದವು. ಹನ್ನೊಂದರ ಬೀಗದ ಕೈಯೂ ಇಲ್ವಾಳ ಬಳಿಯೇ. ಯಜಮಾನರು ಮಿಲಾನಿನಲ್ಲೋ ರೋಮಿನಲ್ಲೋ ಇರುತ್ತಿದ್ದರು, ಬಾಡಿಗೆ ಕುದುರಿಸುವ ಕಚೇರಿ ಸಿಯೆನಾದಲ್ಲಿತ್ತು. ಮನೆ ತೋರಿಸುವುದು, ಹಾಸಿಗೆ ಬದಲಿಸುವುದು, ಈಜುಕೊಳದಲ್ಲಿ ಬಿದ್ದ ಮುಳ್ಳುಹಂದಿಯನ್ನು ಎತ್ತಿ ಹೊರಗೆ ಬಿಡುವುದು, ಎಲ್ಲ ಅವಳದೇ ಪಾಲಿಗೆ. ಅರವತ್ಮೂರು ವರ್ಷ, ಗಂಡ ಹೋಗಿ ಒಂಬತ್ತು ವರ್ಷ, ಮೊಣಕಾಲು ಎರಡೂ ಕಿರಿಕಿರಿ, ನಾಲಿಗೆ ಮಾತ್ರ ಇನ್ನೂ ಹದಿನೆಂಟರದು.

ಆ ಹನ್ನೊಂದರಲ್ಲಿ ಒಂದು ಪೊಜಾರೆಲ್ಲೊ. ಇಲ್ವಾ ಹುಟ್ಟಿದ್ದು ಅದೇ ಮನೆಯಲ್ಲಿ. ಆಗ ಅದು ಬಂಗಲೆಯಲ್ಲ. ಮೇಲೆ ಒಂದೇ ಅಡುಗೆಕೋಣೆ, ಎರಡು ಮಲಗುವ ಕೋಣೆ, ಕೆಳಗೆ ಎತ್ತುಗಳ ಕೊಟ್ಟಿಗೆ. ಚಳಿಗಾಲದಲ್ಲಿ ಎತ್ತುಗಳ ಮೈಕಾವು ಹಲಗೆಯ ಸಂದಿನಿಂದ ಮೇಲೆ ಬಂದು ಮಕ್ಕಳನ್ನು ಬೆಚ್ಚಗಿಡುತ್ತಿತ್ತು. ಅವಳ ಅಪ್ಪ ಧಣಿಯ ಜಮೀನು ಮಾಡಿಕೊಂಡಿದ್ದ. ಅವಳಿಗೆ ಹನ್ನೆರಡು ತುಂಬಿದಾಗ ಸಂಸಾರ ಗುಡ್ಡ ಇಳಿದು ಊರಿನ ನಾಲ್ಕಂತಸ್ತಿನ ಕಟ್ಟಡಕ್ಕೆ ಬಂತು. ಮನೆ ಇಪ್ಪತ್ತು ವರ್ಷ ಪಾಳು ಬಿದ್ದಿತ್ತು. ಆಮೇಲೆ ಮಿಲಾನಿನ ಹಲ್ಲಿನ ಡಾಕ್ಟರೊಬ್ಬರು ಕೊಂಡು, ಕೊಟ್ಟಿಗೆಯನ್ನು ಎಲ್ಲಕ್ಕಿಂತ ದೊಡ್ಡ ಮಲಗುವ ಕೋಣೆಯನ್ನಾಗಿ ಮಾಡಿಸಿದರು. ಹಂದಿಗೆ ಮುಸುರೆ ಹಾಕುತ್ತಿದ್ದ ಕಲ್ಲಿನ ಬಾನಿಯಲ್ಲಿ ಈಗ ಅತಿಥಿಗಳು ಮಂಜುಗಡ್ಡೆ ತುಂಬಿ ವೈನ್ ಬಾಟಲಿ ತಣ್ಣಗಿಡುತ್ತಿದ್ದರು.

"ಈ ಕೋಣೇಲಿ ಮಲಗಿದ್ರೆ ಅದೇನೋ ಶಾಂತಿ," ಎಂದು ಒಮ್ಮೆ ಒಬ್ಬಾಕೆ ಕಣ್ಣು ಮುಚ್ಚಿಕೊಂಡು ಹೇಳಿದ್ದಳು.

"ಹೌದು ಸಿನ್ಯೋರಾ, ಇಲ್ಲಿ ಮಲಗಿದವರು ಯಾರೂ ಇವತ್ತಿನವರೆಗೂ ದೂರು ಹೇಳಿಲ್ಲ," ಎಂದಿದ್ದಳು ಇಲ್ವಾ. ಎತ್ತುಗಳ ಹೆಸರು ಹೇಳಲಿಲ್ಲ.

ಪೊಜಾರೆಲ್ಲೊವನ್ನು ಅವಳು ಯಾರಿಗೆ ಬೇಕಾದರೂ ತೋರಿಸುತ್ತಿದ್ದಳು, ಒಂದು ವಾರ ಬಿಟ್ಟು. ಆಗಸ್ಟ್ ಹದಿನೈದರ ಚರ್ಚಿನ ಹಬ್ಬ ಮುಗಿದ ಮೇಲಿನ ವಾರ. ಆ ವಾರ ಅವಳ ಮನೆಯವರೆಲ್ಲ ಆರು ಕ್ವಿಂಟಾಲ್ ಟೊಮೆಟೊ ಹೇರಿಕೊಂಡು ಅಲ್ಲಿಗೆ ಬರುತ್ತಿದ್ದರು. ವರ್ಷಕ್ಕಾಗುವಷ್ಟು ರಸ ತೆಗೆದು, ಒಂದೊಂದು ಬಾಟಲಿಗೆ ಒಂದೊಂದು ಕಾಮಕಸ್ತೂರಿ ಎಲೆ ಹಾಕಿ, ಬಿರಡೆ ಬಿಗಿದು, ಬಾಟಲಿಗಳಿಗೆ ಹಳೇ ಗೋಣಿಚೀಲ ಸುತ್ತಿ, ದೊಡ್ಡ ಡ್ರಮ್ಮಿನಲ್ಲಿ ಕುದಿಸಬೇಕು. ಊರಿನ ನಾಲ್ಕಂತಸ್ತಿನ ಕಟ್ಟಡದಲ್ಲಿ ಅದಕ್ಕೆ ಜಾಗವೆಲ್ಲಿ? ಪೊಜಾರೆಲ್ಲೊದಲ್ಲಿ ಇಟ್ಟಿಗೆ ಹಾಸಿದ ಹಳೆಯ ಕಣವಿತ್ತು, ಬಾವಿಯಿತ್ತು, ಹಿಪ್ಪುನೇರಳೆ ಮರದ ನೆರಳಿತ್ತು. ಹಲ್ಲಿನ ಡಾಕ್ಟರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಆ ವಾರ ಯಾಕೋ ಯಾರೂ ಮನೆ ಒಪ್ಪುವುದಿಲ್ಲ ಎಂದಷ್ಟೇ ಅವರಿಗೆ ಗೊತ್ತು.

ಒಪ್ಪದಂತೆ ನೋಡಿಕೊಳ್ಳುವವನು ನೇವಿಯೊ, ಇಲ್ವಾಳ ಚಿಕ್ಕಪ್ಪನ ಮಗ. ಅವನ ಹೊಲ ಪೊಜಾರೆಲ್ಲೊದ ಬೇಲಿಗೇ ಅಂಟಿಕೊಂಡಿತ್ತು, ಜೊತೆಗೆ ನಾನೂರು ಕೋಳಿ ಸಾಕಿದ್ದ. ಯಾರಾದರೂ ಆ ವಾರಕ್ಕೆಂದು ಮನೆ ನೋಡಲು ಬಂದರೆ ಇಲ್ವಾ ಅವನ ಫೋನಿಗೆ ಒಂದೇ ಒಂದು ಬಾರಿ ರಿಂಗ್ ಕೊಡುತ್ತಿದ್ದಳು. ನೇವಿಯೊ ಹಸಿ ಕೋಳಿಗೊಬ್ಬರ ತುಂಬಿದ ಟ್ರೇಲರನ್ನು ಗಾಳಿ ಮನೆಯತ್ತ ಬೀಸುವಂಥ ಕಡೆ ತಂದು ನಿಲ್ಲಿಸಿ ನಾಲ್ಕು ಸಲಿಕೆ ಕೆದಕುತ್ತಿದ್ದ. ಬಂದವರು ಮೂಗು ಮುಚ್ಚಿಕೊಂಡು ಕಾರು ಹತ್ತುತ್ತಿದ್ದರು. ಎಂಟು ವರ್ಷ ಇದು ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಈ ಸಲ ಜೂನ್ ತಿಂಗಳಲ್ಲಿ ಫೋಸ್ಕಾ ರಂಬೇರ್ತಿ ಬಂದಳು. ಸಿರಿವಂತರ ಪರವಾಗಿ ಊರೂರು ತಿರುಗಿ ಬಂಗಲೆ ಆರಿಸಿಕೊಡುವುದೇ ಅವಳ ಕಸುಬು. ತೂರಿನ್ ನಗರದ ನೀರೆತ್ತುವ ಪಂಪು ತಯಾರಿಸುವ ಎಂಜಿನಿಯರೊಬ್ಬರಿಗೆ, ಹತ್ತು ಜನರ ಸಂಸಾರಕ್ಕೆ, ಆಗಸ್ಟ್ ಹದಿನಾರರಿಂದ ಮನೆ ಬೇಕಿತ್ತು. ಇಲ್ವಾ ವಾಡಿಕೆಯಂತೆ ಕಾಲು ನೋಡಿದಳು. ಕಂದು ಬಣ್ಣದ, ಸವೆದ, ಎಣ್ಣೆ ಹಾಕಿ ಉಜ್ಜಿದ ಚಪ್ಪಟೆ ಬೂಟು. ಅದರಿಂದ ಏನೂ ಗೊತ್ತಾಗಲಿಲ್ಲ.

ಬೇರೆ ಮೂರು ಮನೆಗಳನ್ನು ಮೊದಲು ತೋರಿಸಿದಳು. ಫೋಸ್ಕಾ ಸೊಗಸಿಗೆ ಮರುಳಾಗುವವಳಲ್ಲ. ನಲ್ಲಿ ತಿರುಗಿಸಿ ಎರಡು ನಿಮಿಷ ನೀರು ಬಿಟ್ಟಳು. ಬೂಟು ಬಿಚ್ಚಿ ಪ್ರತಿ ಮಂಚದ ಮೇಲೂ ಮಲಗಿ ಎದ್ದಳು.

"ಇಲ್ಲಿ ಮೂರನೆಯವರು ಸ್ನಾನಕ್ಕೆ ಹೋದ್ರೆ ತಣ್ಣೀರೇ ಗತಿ," ಎಂದಳು ಒಂದರಲ್ಲಿ. ಇನ್ನೊಂದರಲ್ಲಿ, "ಕಿಟಕಿ ಹೊರಗಿನ ನೋಟ ಚೆನ್ನಾಗಿದೆ. ಆದ್ರೆ ಹತ್ತು ಜನ ನೋಟ ತಿಂದ್ಕೊಂಡಿರಲ್ವಲ್ಲ, ಅಡುಗೆಮನೆ ಎಲ್ಲಿ?"

ಕೊನೆಗೆ ಪೊಜಾರೆಲ್ಲೊ ತೋರಿಸದೆ ವಿಧಿಯಿರಲಿಲ್ಲ. ಇಲ್ವಾ ಚೀಲದೊಳಗೆ ಕೈಬಿಟ್ಟು ಫೋನಿನ ಗುಂಡಿ ಒತ್ತಿದಳು. ಅವರು ಕಣದ ಮೇಲೆ ಕಾಲಿಡುವ ಹೊತ್ತಿಗೆ ವಾಸನೆ ಬಂತು. ಆ ದಿನ ನೇವಿಯೊ ಉತ್ಸಾಹದಲ್ಲಿದ್ದ. ಇಲ್ವಾಳ ಕಣ್ಣಲ್ಲೇ ನೀರು ಬಂತು.

ಫೋಸ್ಕಾ ಮೂಗು ಮುಚ್ಚಲಿಲ್ಲ. ನಿಂತು ನಿಧಾನವಾಗಿ ಉಸಿರೆಳೆದಳು.

"ಕೋಳಿ ಗೊಬ್ಬರ."

"ಏನ್ ಮಾಡೋದು ಸಿನ್ಯೋರಾ, ಹಳ್ಳಿ ಅಂದ್ಮೇಲೆ ಇದ್ದಿದ್ದೇ. ಆಗಸ್ಟಲ್ಲಿ ಇನ್ನೂ ಜಾಸ್ತಿ. ಆ ಮೊದಲನೇ ಮನೆನೇ ನಿಮಗೆ ವಾಸಿ."

ಫೋಸ್ಕಾ ಬೇಲಿಯಾಚೆ ನೋಡಿದಳು. ಎದೆಮಟ್ಟ ಬೆಳೆದ ಸೂರ್ಯಕಾಂತಿ, ಇನ್ನೊಂದು ವಾರಕ್ಕೆ ಹೂ ಬಿಡುವಂತಿತ್ತು. ಅದರ ಪಕ್ಕದಲ್ಲಿ ನೇವಿಯೊ ಸಲಿಕೆ ಹಿಡಿದು ಬಹಳ ಕೆಲಸವಿದ್ದವನಂತೆ ನಿಂತಿದ್ದ.

"ಮೊಗ್ಗು ಬಂದಿರೋ ಸೂರ್ಯಕಾಂತಿಗೆ ಹಸಿ ಕೋಳಿಗೊಬ್ಬರ ಹಾಕ್ತಾರಾ ಯಾರಾದ್ರೂ? ಬುಡ ಸುಟ್ಟು ಹೋಗಲ್ವಾ? ಆ ಮನುಷ್ಯನಿಗೇನು ತಲೆ ಕೆಟ್ಟಿದೆಯಾ, ಇಲ್ಲ ನಿಮ್ಮ ನೆಂಟನಾ?"

ಇಲ್ವಾ ಒಂದು ಕ್ಷಣ ಲೆಕ್ಕ ಹಾಕಿದಳು. "ಎರಡೂ," ಎಂದಳು.

ಎಂಟು ವರ್ಷ ಪಟ್ಟಣದ ಮೂಗುಗಳನ್ನೇ ಓಡಿಸಿ ಇಬ್ಬರಿಗೂ ಬುದ್ಧಿ ಮಂಕಾಗಿತ್ತು. ಹೊಲ ಬಲ್ಲವರೂ ಒಂದು ದಿನ ಬಂದಾರು ಎಂದು ಇಬ್ಬರಿಗೂ ಹೊಳೆದಿರಲಿಲ್ಲ. ಫೋಸ್ಕಾಳ ಅಪ್ಪನೂ ಫೋರ್ಲಿ ಕಡೆ ಧಣಿಯ ಜಮೀನು ಮಾಡಿದವನೇ. ಅವಳು ಹಂದಿ ಬಾನಿಯನ್ನು ಹಂದಿ ಬಾನಿಯೆಂದೇ ಗುರುತಿಸಿ ಅದರ ಅಂಚಿನ ಮೇಲೆ ಕುಳಿತಳು. ಇಲ್ವಾ ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದಳು. ಟೊಮೆಟೊ, ಬಾವಿ, ಮರ. ಹುಟ್ಟಿದ ಮನೆಯಲ್ಲಿ ವರ್ಷಕ್ಕೆ ಒಂದು ವಾರವಾದರೂ ಬೀಗದ ಕೈ ಹಿಡಿದ ಆಳಾಗಿರದೆ ಇರಬೇಕೆಂಬ ಆಸೆಯನ್ನೂ ಹೇಳಿದಳು. ಅದನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಫೋಸ್ಕಾ ಕೇಳಿ ತನ್ನ ಟಿಪ್ಪಣಿ ಪುಸ್ತಕ ತೆರೆದಳು. "ನೋಡಿ, ನೀರು ಚೆನ್ನಾಗಿ ಬರೋದು ಇದೊಂದೇ ಮನೇಲಿ. ನಾನು ಇದನ್ನ ಬಿಟ್ಟು ಇನ್ನೊಂದು ಹೇಳಿದ್ರೆ ನನ್ನ ಕೆಲಸಕ್ಕೆ ನಾನೇ ದ್ರೋಹ ಮಾಡ್ದಂಗೆ." ಏನೋ ಬರೆದಳು. ಇಲ್ವಾಳಿಗೆ ತೋರಿಸಲಿಲ್ಲ.

ಹತ್ತು ದಿನಕ್ಕೆ ಸಿಯೆನಾದ ಕಚೇರಿಯಿಂದ ಕಾಗದ ಬಂತು. ಪೊಜಾರೆಲ್ಲೊ ಆಗಸ್ಟ್ ಹದಿನಾರರಿಂದ ಎರಡು ವಾರ ಎಂಜಿನಿಯರ್ ಬೆರ್ರೂತಿಯವರ ಸಂಸಾರಕ್ಕೆ. ಕೆಳಗೆ ಒಂದು ಸಾಲು ಹೆಚ್ಚಿಗೆ ಇತ್ತು: ಆ ಮನೆಯಂಗಳದಲ್ಲಿ ಸ್ಥಳೀಯ ಕುಟುಂಬವೊಂದು ಟೊಮೆಟೊ ರಸ ಮಾಡುವ ವಾಡಿಕೆಯಿದ್ದು ಅದು ಎಂದಿನಂತೆ ನಡೆಯತಕ್ಕದ್ದು, ಅತಿಥಿಗಳು ಅದರಲ್ಲಿ ಭಾಗವಹಿಸಲು ಬಯಸುತ್ತಾರೆ. ಹಲ್ಲಿನ ಡಾಕ್ಟರು ಖುಷಿಯಿಂದ ಒಪ್ಪಿದ್ದರು. ಬಾಡಿಗೆಯನ್ನೂ ಸ್ವಲ್ಪ ಏರಿಸಿದ್ದರು.

ಇಲ್ವಾಳಿಗೆ ಮೈಯೆಲ್ಲ ಉರಿಯಿತು. "ನಮ್ಮನ್ನ ಮೃಗಾಲಯದ ಮಂಗ ಮಾಡಿದ್ಲು ಆ ಹೆಂಗಸು. ಅವರು ಕುರ್ಚಿ ಹಾಕ್ಕೊಂಡು ಕೂತು ಫೋಟೊ ತೆಗೀತಾರೆ, ನಾವು ಬಗ್ಗಿ ಬಗ್ಗಿ ಟೊಮೆಟೊ ತೊಳೀಬೇಕು. ನಾನಂತೂ ಬರಲ್ಲ."

"ನೀನು ಬರದೆ ಇದ್ರೆ ಆರು ಕ್ವಿಂಟಾಲ್ ನನ್ನ ಬಚ್ಚಲಲ್ಲಿ ಕುದಿಸ್ಲಾ?" ಎಂದಳು ಅವಳ ಅತ್ತಿಗೆ ಆರ್ಜಿಯಾ. "ಮಂಗ ಆದ್ರೆ ಆಯ್ತು. ನಾನು ಹೊಸ ಏಪ್ರನ್ ಹೊಲಿಸ್ಕೋತೀನಿ, ಫೋಟೊದಲ್ಲಿ ನೆಟ್ಟಗೆ ಕಾಣ್ಬೇಕಲ್ಲ."

ಆ ದಿನ ಬಂತು. ಬೆಳಗ್ಗೆ ಆರಕ್ಕೆ ಡ್ರಮ್ಮಿನ ಕೆಳಗೆ ಬೆಂಕಿ ಹೊತ್ತಿತು. ಇಲ್ವಾ ಮುಖ ಗಂಟುಹಾಕಿಕೊಂಡೇ ಕೆಲಸ ಶುರುಮಾಡಿದಳು. ಎಂಟಕ್ಕೆ ಎಂಜಿನಿಯರ್ ಬೆರ್ರೂತಿ ಬಿಳಿ ಲಿನನ್ ಪ್ಯಾಂಟಿನಲ್ಲಿ ಇಳಿದು ಬಂದರು. ಎಪ್ಪತ್ತರ ಹತ್ತಿರದ ದಪ್ಪ ಮನುಷ್ಯ. ಹಿಂದೆ ಹೆಂಡತಿ, ಇಬ್ಬರು ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು. ಕುರ್ಚಿ ಎಳೆದುಕೊಳ್ಳುತ್ತಾರೆಂದು ಇಲ್ವಾ ಕಾಯುತ್ತಿದ್ದಳು. ಅವರು ರಸ ತೆಗೆಯುವ ಯಂತ್ರದ ಹಿಡಿಕೆ ಹಿಡಿದು ಒಂದು ಸುತ್ತು ತಿರುಗಿಸಿದರು.

"ಇದನ್ನ ಮಾಡಿದೋನಿಗೆ ಬುದ್ಧಿ ಇಲ್ಲ. ಹಿಡಿಕೆ ನಾಲ್ಕು ಬೆರಳು ಉದ್ದ ಇರ್ಬೇಕಿತ್ತು."

"ಬೈತಾ ಬೈತಾನೇ ತಿರುಗಿಸಿ, ಎಂಜಿನಿಯರ್ ಸಾಹೇಬ್ರೆ," ಎಂದಳು ಇಲ್ವಾ. ಬಾಯಿಗೆ ಬಂದದ್ದು ಆಡಿಯಾಗಿತ್ತು.

ಅವರು ತಿರುಗಿಸಿದರು. ಹತ್ತಕ್ಕೆ ಪ್ಯಾಂಟು ಕೆಂಪಾಯಿತು. ಹನ್ನೊಂದಕ್ಕೆ ಒಬ್ಬ ಸೊಸೆಯ ಉಗುರುಬಣ್ಣ ಟೊಮೆಟೊ ಸಿಪ್ಪೆಯ ಜೊತೆ ಹೋಯಿತು. ಹಿರಿಯ ಮಗ, ಯಾವುದೋ ಬ್ಯಾಂಕಿನ ದೊಡ್ಡ ಅಧಿಕಾರಿ, ಬಾಟಲಿಗೆ ಎರಡೆರಡು ಎಲೆ ಹಾಕುತ್ತಿದ್ದನೆಂದು ಆರ್ಜಿಯಾಳಿಂದ ಬೈಸಿಕೊಂಡ. ಇಲ್ವಾಳ ಮೊಣಕಾಲು ನೋವು ನೋಡಿ ಎಂಜಿನಿಯರರ ಹೆಂಡತಿಯೇ ಒಳಗಿನಿಂದ ಕುರ್ಚಿ ತಂದು ಮರದ ಕೆಳಗೆ ಹಾಕಿದರು. ಕೂತ ಮೇಲೆ ಇಲ್ವಾಳ ಗಂಟಲು ಇನ್ನೂ ಬಿಚ್ಚಿತು. ಕೂತಲ್ಲಿಂದಲೇ ಎಲ್ಲರನ್ನೂ ಕುಣಿಸಿದಳು. ಅಷ್ಟು ಸುಖವಾಗಿ ಅವಳು ಯಾವ ವರ್ಷವೂ ಟೊಮೆಟೊ ಮಾಡಿರಲಿಲ್ಲ.

ಬಾಟಲಿಗಳು ಆರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಎಂಜಿನಿಯರರು ಬೆವರು ಒರೆಸಿಕೊಳ್ಳಲು ಹುಲ್ಲಿನ ಟೋಪಿ ತೆಗೆದು, ಅದನ್ನು ಕೈಯಲ್ಲೇ ಹಿಡಿದುಕೊಂಡು ಅವಳ ಕುರ್ಚಿಯ ಮುಂದೆ ಬಂದು ನಿಂತರು.

"ಮುಂದಿನ ವರ್ಷವೂ ಇದೇ ವಾರ ಬರ್ತೀವಿ, ಸಿನ್ಯೋರಾ ಇಲ್ವಾ. ಹಿಡಿಕೆ ನಾನೇ ಮಾಡಿಸ್ಕೊಂಡು ಬರ್ತೀನಿ. ಈಗ ಹೇಳಿ, ಇದನ್ನ ಹಂಚೋದು ಹೇಗೆ? ನಿಮ್ಮಲ್ಲಿ ಏನು ಪದ್ಧತಿ?"

ಇಲ್ವಾ ಅವರ ಕೈಯಲ್ಲಿದ್ದ ಟೋಪಿ ನೋಡಿದಳು. ಇದೇ ಇಟ್ಟಿಗೆಗಳ ಮೇಲೆ ಅವಳ ಅಪ್ಪ ಪ್ರತಿ ವರ್ಷ ಹೀಗೇ ಟೋಪಿ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದ. ಧಣಿಯ ಪಾರುಪತ್ಯಗಾರ ಕುರ್ಚಿಯ ಮೇಲೆ ಕೂತು ಬೆಳೆ ಅಳೆಸುತ್ತಿದ್ದ. ಗೋದಿಯಲ್ಲಿ ಅರ್ಧ, ಎಣ್ಣೆಯಲ್ಲಿ ಅರ್ಧ, ಹಂದಿಯಲ್ಲಿ ಅರ್ಧ ಧಣಿಗೆ. ಅಪ್ಪನ ಬಗ್ಗಿದ ಕತ್ತು ನೋಡಿ ಅವಳಿಗೆ ನಾಚಿಕೆಯಾಗುತ್ತಿತ್ತು, ನಾಚಿಕೆಯಾಯಿತಲ್ಲ ಎಂದು ಆಮೇಲೆ ಅಳು ಬರುತ್ತಿತ್ತು.

"ಈ ಕಣದ ಪದ್ಧತಿ ಅರ್ಧರ್ಧ," ಎಂದಳು. "ದುಡಿದವರಿಗೆ ಅರ್ಧ, ಮನೆಯವರಿಗೆ ಅರ್ಧ."

"ಸರಿಯಾಗಿದೆ," ಎಂದರು ಎಂಜಿನಿಯರರು. "ಮನೆಯವರು ಅಂದ್ರೆ ಆ ಹಲ್ಲಿನ ಡಾಕ್ಟ್ರಾ? ಮಿಲಾನಿಗೆ ಕಳಿಸ್ಬೇಕಾ?"

ಡ್ರಮ್ಮಿನ ಹತ್ತಿರ ಆರ್ಜಿಯಾ ಕೈಕೆಲಸ ನಿಲ್ಲಿಸಿ ತಿರುಗಿ ನೋಡಿದಳು.

"ಇಲ್ಲ," ಎಂದಳು ಇಲ್ವಾ. "ಮನೆಯವಳು ನಾನು."

ಎಂಜಿನಿಯರರು ಅವಳನ್ನೂ ಮನೆಯನ್ನೂ ಒಮ್ಮೆ ನೋಡಿದರು. ಆಮೇಲೆ ಟೋಪಿ ಹಾಕಿಕೊಂಡು ಮಕ್ಕಳನ್ನು ಕೂಗಿದರು. ಇಲ್ವಾಳ ಪಾಲಿನ ಮೊದಲ ಬಾಟಲಿ ಪೆಟ್ಟಿಗೆಯನ್ನು ತಾವೇ ಎತ್ತಿ ನೇವಿಯೊನ ವ್ಯಾನಿನ ಕಡೆ ಹೊರಟರು. ಅವರು ಅದನ್ನು ಹಿಡಿದಿದ್ದ ರೀತಿ ಸರಿಯಿರಲಿಲ್ಲ. ಎದ್ದು ಹೋಗಿ ತಾನೂ ಹಿಡಿದುಕೊಳ್ಳಬೇಕೆಂದು ಇಲ್ವಾಳ ಕೈ ತುರಿಸುತ್ತಿತ್ತು. ಆದರೂ ಕೊನೆಯ ಪೆಟ್ಟಿಗೆ ಹೋಗುವವರೆಗೆ ಅವಳು ಕುರ್ಚಿ ಬಿಟ್ಟು ಏಳಲಿಲ್ಲ.