ಇಸ್ಮತ್ ಕಟ್ಟಿದ ಮೂರು ದೇಶಗಳ ಚಂದಾ

ರಾಮನಗರದಲ್ಲಿ ಗೂಡಿನಿಂದ ರೇಷ್ಮೆ ನೂಲು ಬಿಚ್ಚುವವರ ಸಂಘಕ್ಕೆ ಇಸ್ಮತ್ ಗುಮಾಸ್ತೆಯಾಗಿ ಸೇರಿದ್ದು ೧೯೮೪ರಲ್ಲಿ. ರೇಷ್ಮೆಗೆ ಆಗ ಚಿನ್ನದಂಥ ಕಾಲ. ಜಪಾನಿನ ಯೊಕೊಹಾಮಾ, ಫ್ರಾನ್ಸಿನ ಲಿಯಾನ್, ಹಾಂಗ್‌ಕಾಂಗ್‌ಗಳಿಂದ ಬರುತ್ತಿದ್ದ ರೇಷ್ಮೆ ದರದ ಮೂರು ಇಂಗ್ಲಿಷ್ ವಾರಪತ್ರಿಕೆಗಳನ್ನು ಓದಿ ಸಂಘದವರಿಗೆ ಕನ್ನಡದಲ್ಲಿ ತಿಳಿಸುವುದು ಅವಳ ಕೆಲಸ. ಹೊರದೇಶದಲ್ಲಿ ದರ ಇಳಿಯುತ್ತಿದೆ ಎಂದು ಅವಳು ಹೇಳಿದ ವಾರ ಅವರು ಗೂಡು ಕೊಳ್ಳುವಾಗ ಕೈ ಬಿಗಿಹಿಡಿಯುತ್ತಿದ್ದರು.

ಎಂಬತ್ತೇಳರ ಬೇಸಿಗೆಯಲ್ಲಿ ಸಂಘದ ಅಧ್ಯಕ್ಷ ಗಫಾರ್ ಸಾಹೇಬರು ಅವಳನ್ನು ಕರೆದರು.

"ಎರಡು ವರ್ಷದ ಕೆಳಗೆ ಯೊಕೊಹಾಮಾ ಪತ್ರಿಕೆಗೆ ವರ್ಷದ ಚಂದಾ ಆರು ನೂರು ರೂಪಾಯಿ ಕಟ್ಟಿದ್ವಿ. ಈಗ ಸಾವಿರದ ಮೇಲೆ ಕೇಳ್ತಾ ಅವ್ರೆ. ಲಿಯಾನ್‌ದೂ ಹಂಗೇ. ಮೂರೂ ನಿಲ್ಲಿಸ್ಬುಡು ಬೇಟಿ."

"ಅವರು ದರ ಏರಿಸಿಲ್ಲ ಚಾಚಾ," ಎಂದಳು ಇಸ್ಮತ್. "ಆವಾಗ್ಲೂ ಹನ್ನೆರಡು ಸಾವಿರ ಯೆನ್, ಈಗ್ಲೂ ಅಷ್ಟೇ. ನಮ್ಮ ರೂಪಾಯಿ ಮುಂದೆ ಅವರ ಯೆನ್ನೇ ತುಟ್ಟಿಯಾಗೈತೆ. ಎರಡು ಮೂರು ತಿಂಗಳು ಟೈಮ್ ಕೊಡಿ."

ಮೂರೂ ಪತ್ರಿಕೆಗಳನ್ನು ಮುಂದಿಟ್ಟುಕೊಂಡು ಕೂತಳು. ಹಾಂಗ್‌ಕಾಂಗ್‌ನ ಡಾಲರ್ ಎರಡು ವರ್ಷದಲ್ಲಿ ಹೆಚ್ಚು ಅಲುಗಾಡಿರಲಿಲ್ಲ; ಅದು ಹಾಗೇ ಇರಲಿ ಎಂದುಕೊಂಡಳು. ಯೊಕೊಹಾಮಾ ಪತ್ರಿಕೆಯ ಹಿಂದಿನ ಪುಟದ ಮೂಲೆಯಲ್ಲಿ, ಇರುವೆಯಂಥ ಅಕ್ಷರದಲ್ಲಿ ಇನ್ನೊಂದು ದರ ಅಚ್ಚಾಗಿತ್ತು: ಹೊರದೇಶದವರಿಗೆ ಐವತ್ತು ಅಮೆರಿಕನ್ ಡಾಲರ್. ಯೆನ್ ಅಗ್ಗವಿದ್ದಾಗ ಹಾಕಿದ್ದನ್ನು ಯಾರೂ ತಿದ್ದಿರಲಿಲ್ಲ. ಐವತ್ತು ಡಾಲರಿಗೆ ಆರುನೂರೈವತ್ತು ರೂಪಾಯಿ ಸಾಕು! ಮರುದಿನವೇ ರೈಲು ಹತ್ತಿ ಬೆಂಗಳೂರಿನ ಬ್ಯಾಂಕಿಗೆ ಹೋಗಿ, ನಾಲ್ಕು ಅರ್ಜಿ ತುಂಬಿ, ಡಾಲರಿನ ಡ್ರಾಫ್ಟ್ ಮಾಡಿಸಿ ಕಳಿಸಿದಳು.

ಲಿಯಾನ್‌ನದು ಕಷ್ಟವಾಗಿತ್ತು. ಅವರಿಗೆ ಫ್ರಾಂಕೇ ಬೇಕು, ಅದೂ ತುಟ್ಟಿಯಾಗಿತ್ತು. ಆದರೆ ಆ ಪತ್ರಿಕೆಯಲ್ಲಿ ಚೀನಾದ ದರವಿತ್ತು, ಬ್ರೆಜಿಲ್‌ನದಿತ್ತು, ಭಾರತದ್ದು ಒಂದು ಸಾಲೂ ಇರಲಿಲ್ಲ. ಇಸ್ಮತ್ ಸಂಪಾದಕರಿಗೆ ಬರೆದಳು: "ರಾಮನಗರದ ಮಾರುಕಟ್ಟೆಯ ಗೂಡಿನ ದರವನ್ನು ನಾನು ಪ್ರತಿ ವಾರ ಕಳಿಸುತ್ತೇನೆ. ನೀವು ಚಂದಾ ಇಲ್ಲದೆ ಪತ್ರಿಕೆ ಕಳಿಸಿ." ಮಾದರಿಗೆಂದು ಎರಡು ವಾರದ ದರಪಟ್ಟಿಯನ್ನೂ ಲಗತ್ತಿಸಿದಳು.

ಅದಕ್ಕಾಗಿ ಆ ಎರಡು ವಾರ ದಿನವೂ ಬೆಳಿಗ್ಗೆ ಹರಾಜಿನ ಹೊತ್ತಿಗೆ ಗೂಡಿನ ಮಾರುಕಟ್ಟೆಯಲ್ಲಿ ನಿಂತಿದ್ದಳು. ಗಂಡಸರ ನೂಕುನುಗ್ಗಲಿನ ನಡುವೆ ಬುರ್ಖಾ ತೊಟ್ಟು, ನೋಟ್‌ಬುಕ್ಕು ಹಿಡಿದ ಹೆಂಗಸನ್ನು ಎಲ್ಲರೂ ತಿರುಗಿ ನೋಡಿದರು. ಕೋಡಿಹಳ್ಳಿಯಿಂದ ಗೂಡು ತಂದಿದ್ದ ಬೀರಲಿಂಗಯ್ಯನೆಂಬ ರೈತ ತಡೆಯಲಾರದೆ ಕೇಳಿಯೇಬಿಟ್ಟ.

"ಏನವ್ವಾ, ನೀನು ಗೌರ್ಮೆಂಟಾ?"

"ಅಲ್ಲ. ಈ ರೇಟು ಫ್ರಾನ್ಸ್ ದೇಶಕ್ಕೆ ಕಳಿಸ್ತೀನಿ."

"ನಮ್ ಗೂಡಿನ ರೇಟು ಅಲ್ಲಿಗೂ ಹೋಯ್ತದಾ? ಹಂಗಾದ್ರೆ ಒಸಿ ಜಾಸ್ತೀನೇ ಬರ್ಕೊ!"

"ಕೂಗಿದ್ದನ್ನೇ ಬರೆಯೋದು," ಎಂದು ನಕ್ಕಳು ಇಸ್ಮತ್.

ಮೊದಲು ಉತ್ತರ ಬಂದದ್ದು ಯೊಕೊಹಾಮಾದಿಂದ. ಹಣ ಕಡಿಮೆಯಾಗಿದೆ, ಉಳಿದದ್ದನ್ನು ಕಳಿಸಿ ಎಂದಿತ್ತು. ಗಫಾರ್ ಸಾಹೇಬರ ಮುಖ ಸಪ್ಪಗಾಯಿತು. ಇಸ್ಮತ್ ಮಾತ್ರ ಕತ್ತರಿ ತೆಗೆದುಕೊಂಡು ಆ ಹಿಂದಿನ ಪುಟದ ಮೂಲೆಯನ್ನು ಕತ್ತರಿಸಿ, "ಇದು ನೀವೇ ಅಚ್ಚು ಹಾಕಿದ ದರ" ಎಂದು ಬರೆದು ಅಂಟಿಸಿ ಕಳಿಸಿದಳು. ಐವತ್ತು ಡಾಲರನ್ನೇ ಒಪ್ಪಿ, ಕ್ಷಮೆ ಕೇಳಿ ತಿಂಗಳೊಳಗೆ ಪತ್ರ ಬಂತು. ಜನವರಿಯಿಂದ ಡಾಲರಿನ ಚಂದಾ ಏರುತ್ತದೆ ಎಂಬ ಸೂಚನೆಯೂ ಇತ್ತು. ಅದನ್ನು ಓದಿದವಳೇ ಮತ್ತೆ ಬೆಂಗಳೂರಿಗೆ ಹೋಗಿ, ಹಳೆಯ ದರದಲ್ಲೇ ಮುಂದಿನ ಮೂರು ವರ್ಷದ ಚಂದಾ ಕಟ್ಟಿ ಬಂದಳು.

ಲಿಯಾನ್‌ನಿಂದ ಕಾಗದ ಬರಲಿಲ್ಲ, ನೇರ ಪತ್ರಿಕೆಯೇ ಬಂತು. ಮೂರನೆಯ ಪುಟದಲ್ಲಿ ಚೀನಾದ ಕೆಳಗೆ 'ರಾಮನಗರ' ಎಂಬ ಸಾಲು, ಅದರ ಪಕ್ಕದಲ್ಲಿ ಅವಳು ಕಳಿಸಿದ ದರ. ವಿಳಾಸದ ಚೀಟಿಯಲ್ಲಿ 'ಉಚಿತ ಪ್ರತಿ' ಎಂಬ ಮುದ್ರೆ.

ಗಫಾರ್ ಸಾಹೇಬರು ಆ ಪುಟವನ್ನು ಸಂಘದ ಸಭೆಯಲ್ಲಿ ಕೈಯಿಂದ ಕೈಗೆ ದಾಟಿಸಿದರು. ಎಲ್ಲರೂ ನೋಡಿ ಮುಗಿಸಿದ ಮೇಲೆ ಇಸ್ಮತ್ ಎದ್ದು ನಿಂತಳು.

"ಮಾರ್ಕೆಟ್ಟಿನಲ್ಲಿ ದಿನಾ ನಿಲ್ಲೋದು ನನ್ನ ಕೆಲಸದಲ್ಲಿ ಇರ್ಲಿಲ್ಲ. ಸಂಬಳ ನೂರು ರೂಪಾಯಿ ಜಾಸ್ತಿ ಮಾಡಿ."

ಸಭೆಯಲ್ಲಿ ಯಾರೋ ಕೆಮ್ಮಿದರು. ಸಾಹೇಬರು ಅವಳನ್ನೇ ನೋಡಿ ಗಡ್ಡ ನೀವಿಕೊಂಡರು.

"ಯೆನ್‌ನಲ್ಲೋ, ಫ್ರಾಂಕ್‌ನಲ್ಲೋ?"

"ರೂಪಾಯಿಯಲ್ಲೇ ಕೊಡಿ ಚಾಚಾ."

ಕೊಟ್ಟರು. ಮುಂದೆ ಹನ್ನೊಂದು ವರ್ಷ, ಪ್ರತಿ ಶನಿವಾರ, ರಾಮನಗರದ ಅಂಚೆ ಕಚೇರಿಯಿಂದ ಲಿಯಾನ್‌ಗೆ ಅವಳ ಕಾಗದ ಹೋಗುತ್ತಿತ್ತು.