ಇಪ್ಪತ್ತಾರು ನಾಯಿಗಳ ಯಜಮಾನಿ

ಆ ಊರಿನಲ್ಲಿ ನಾಯಿಯಿಲ್ಲದ ಮನೆಯಿಲ್ಲ, ನಾಯಿ ಸಾಕಿದ ಮನುಷ್ಯನೂ ಇಲ್ಲ. ದಂಡಿಗನಹಳ್ಳಿ ಹೋಬಳಿಯ ಆ ಪುಟ್ಟ ಊರಿನ ಮಟ್ಟಿಗೆ ಇವೆರಡೂ ಒಟ್ಟೊಟ್ಟಿಗೇ ನಿಜ. ತೋಟದಲ್ಲಿ ಕೆಡವಿದ ತೆಂಗಿನಕಾಯಿ ರಾಶಿಯ ಪಕ್ಕ ಮಲಗಿದ್ದು ಕಳ್ಳನ ಪಂಚೆ ಹರಿದರೆ ಅದು ‘ನಮ್ ಟೈಗರ್ರು’. ಅದೇ ಟೈಗರ್ರು ದಾರಿಯಲ್ಲಿ ಹೋಗುವವರ ಮೀನಖಂಡಕ್ಕೆ ಬಾಯಿ ಹಾಕಿದರೆ ‘ಯಾವ್ದೋ ಬೀದಿ ನಾಯಿ’.

ಈ ಗುಟ್ಟು ಊರಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಹಾಲಿನ ಡೈರಿಯ ಟೆಸ್ಟರ್ ಯಶೋಧರಾಗೆ. ಊರ ಬಾಯಲ್ಲಿ ಯಶೋದಾ. ಹದಿನಾಲ್ಕು ವರ್ಷದಿಂದ ಬೆಳಿಗ್ಗೆ ಆರಕ್ಕೆ ಡೈರಿ ಬಾಗಿಲು ತೆಗೆದು, ಒಬ್ಬೊಬ್ಬರ ಕ್ಯಾನಿನಿಂದ ಒಂದಿಷ್ಟು ಹಾಲು ತೆಗೆದು ಮಿಷನ್ನಿಗೆ ಕುಡಿಸಿ, ಫ್ಯಾಟು ಎಷ್ಟು ಅಂತ ಕೂಗುವ ಕೆಲಸ ಅವಳದು. ಸಾಲಿನಲ್ಲಿ ಕ್ಯಾನು ಹಿಡಿದು ನಿಂತವರ ಹಿಂದೆ ಅವರವರ ನಾಯಿಯೂ ನಿಂತಿರುತ್ತಿತ್ತು. ಚಿಕ್ಕಲಕ್ಷ್ಮಮ್ಮನ ಹಿಂದೆ ರಾಜ, ಡೈರಿ ಅಧ್ಯಕ್ಷ ಕಾಂತರಾಜು ಹಿಂದೆ ಟೈಗರ್. ಒಂದು ದಿನವೂ ಅದಲುಬದಲಾದದ್ದಿಲ್ಲ.

ಅವಳಪ್ಪ ದ್ಯಾವಯ್ಯ ಚನ್ನರಾಯಪಟ್ಟಣದ ದನದ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದವನು. ಡಾಕ್ಟರು ಸೂಜಿ ಹಾಕುವಾಗ ದನದ ಮೂಗುದಾರ, ನಾಯಿಯ ಮೂತಿ ಹಿಡಿಯುವುದೇ ಅವನ ಉದ್ಯೋಗ. ಒಂಬತ್ತು ವರ್ಷದ ಯಶೋಧರಾ ಅಪ್ಪನಿಗೆ ಬುತ್ತಿ ಕೊಡಲು ಹೋದಾಗ, ಹುಚ್ಚುನಾಯಿ ಕಚ್ಚಿದ ಹಸುವೊಂದು ಜೊಲ್ಲು ಸುರಿಸುತ್ತಾ ಅರಚಿ ಅರಚಿ ಸತ್ತದ್ದನ್ನು ನೋಡಿದ್ದಳು. ಆ ದನಿ ಈಗಲೂ ಕಿವಿಯಲ್ಲಿದೆ.

ಹಾಗಂತ ಅವಳೇನೂ ದೇವತೆಯಲ್ಲ. ಮೂರು ವರ್ಷದ ಹಿಂದೆ ಯಾರೋ ಹೆಣ್ಣುಮರಿಯೊಂದನ್ನು ಪಶು ಆಹಾರದ ಚೀಲದಲ್ಲಿ ಕಟ್ಟಿ ಡೈರಿ ಮುಂದೆ ಎಸೆದು ಹೋಗಿದ್ದರು. ಆ ಊರಿನಲ್ಲಿ ಹೆಣ್ಣುಮರಿಗೆ ಸಿಗುವ ಮೊದಲ ಬಟ್ಟೆ ಆ ಚೀಲವೇ. ಅದಕ್ಕೆ ಬೆಳ್ಳಿ ಅಂತ ಹೆಸರಿಟ್ಟು, ಮಿಷನ್ ಕುಡಿದು ಉಳಿದ ಹಾಲು ಹಾಕಿ ಸಾಕಿದವಳು ಇವಳೇ. ಆದರೆ ಬೆಳ್ಳಿ ಒಮ್ಮೆ ಡೈರಿ ತಪಾಸಣೆಗೆ ಬಂದ ಇನ್‌ಸ್ಪೆಕ್ಟರ್ ಪ್ಯಾಂಟು ಹಿಡಿದಾಗ, “ಯಾವ್ದೋ ನಾಯಿ ಸಾ, ನಂಗೊತ್ತಿಲ್ಲ” ಅಂದವಳೂ ಇವಳೇ. ಬೆಳ್ಳಿ ಆಗ ಅವಳ ಮುಖವನ್ನೇ ನೋಡುತ್ತಿತ್ತಂತೆ.

ಇಂಥ ಊರಿನಲ್ಲಿ ಒಂದು ಮಂಗಳವಾರ ಕರೆಂಟ್ ಮೀಟರ್ ಓದುವ ನಟರಾಜು, ಕಾಂತರಾಜು ಮನೆ ಗೇಟಿನ ಮುಂದೆ ಕಚ್ಚಿಸಿಕೊಂಡ. ಸುಣ್ಣ ಹಚ್ಚು ಅಂತ ಒಬ್ಬರು, ಮೆಣಸಿನಪುಡಿ ತುಂಬು ಅಂತ ಇನ್ನೊಬ್ಬರು ಓಡಿಬಂದರು. ಯಶೋಧರಾ ಇಬ್ಬರನ್ನೂ ಆಚೆ ತಳ್ಳಿ, ಅವನ ಕಾಲನ್ನು ನಲ್ಲಿ ಕೆಳಗೆ ಹಿಡಿದು ಬಟ್ಟೆ ಸೋಪಿನಲ್ಲಿ ಕಾಲು ಗಂಟೆ ತೊಳೆದಳು.

“ಅಕ್ಕ, ಸಾಕು ಬಿಡಕ್ಕ, ಚರ್ಮನೇ ಕಿತ್ತೋಯ್ತದೆ!”

“ಪ್ರಾಣ ಓಗೋದ್ಕಿಂತ ವಾಸಿ, ತೆಪ್ಪಗಿರು. ಈಗ್ಲೇ ಆಸ್ಪತ್ರೆಗೋಗಿ ಸೂಜಿ ಆಕಿಸ್ಕೊ. ಒಂದೇ ಅಲ್ಲ, ಅವರೇಳಿದಷ್ಟೂ.”

“ನಾಯಿ ಯಾರದ್ದಣ್ಣ?” ಅಂತ ನಟರಾಜು ಕೇಳಿದ. ಕಾಂತರಾಜು ಗೇಟಿನ ಒಳಗಿಂದಲೇ, “ಯಾವ್ದೋ ಬೀದಿ ನಾಯಿ ಕಣಯ್ಯ” ಅಂದ. ಟೈಗರ್ ಅವನ ಕಾಲ ಸಂದಿಯಿಂದ ಇಣುಕಿ ನೋಡುತ್ತಿತ್ತು.

ಮಾರನೆಯ ದಿನ ಸಂಜೆ ಡೈರಿ ಜಗಲಿಯ ಮೇಲೆ ಸಭೆ. ಬೀದಿ ನಾಯಿ ಕಾಟ ಮಿತಿಮೀರಿದೆ, ಭಾನುವಾರ ಎಲ್ಲವನ್ನೂ ಹಿಡಿದು ಗೂಡ್ಸ್ ಆಟೋಗೆ ತುಂಬಿ ಪಟ್ಟಣದ ಕಾಯಿ ಮಾರ್ಕೆಟ್ಟಿನ ಹತ್ತಿರ ಬಿಟ್ಟುಬರುವುದು ಅಂತ ಕಾಂತರಾಜು ಪ್ರಸ್ತಾಪಿಸಿದ. ಆಟೋ ಯಶೋಧರಾಳ ಗಂಡ ದೇವರಾಜನದೇ. ಜಗಲಿಯ ಮೆಟ್ಟಿಲ ಕೆಳಗೆ ಬೆಳ್ಳಿ ಐದು ದಿನದ ನಾಲ್ಕು ಮರಿಗಳಿಗೆ ಹಾಲೂಡಿಸುತ್ತಾ ಮಲಗಿತ್ತು. ಮರಿಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ತಾಯಿ ಭಾನುವಾರ ಆಟೋ ಹತ್ತಿದರೆ ಮರಿಗಳು ಮಂಗಳವಾರ ಕಾಣುವುದಿಲ್ಲ ಅಂತ ಲೆಕ್ಕ ಹಾಕಲು ಯಶೋಧರಾಗೆ ಮಿಷನ್ನು ಬೇಕಿರಲಿಲ್ಲ.

“ಇಲ್ಲಿಂದ ಇಡ್ದು ಅಲ್ಲಿ ಬಿಡೋದು ಕಾನೂನಿಗೆ ತಪ್ಪು ಕಣಣ್ಣ,” ಅಂದಳು.

“ಮಾಲೀಕ್ರಿರೋ ನಾಯ್ನ ನಾವ್ಯಾಕವ್ವ ಮುಟ್ಟಾನ? ನಾಯಿ ಇರೋರು ಕೈ ಎತ್ರಪ್ಪ,” ಅಂದ ಕಾಂತರಾಜು.

ಒಂದು ಕೈಯೂ ಏಳಲಿಲ್ಲ. ಕೈ ಎತ್ತಿದರೆ ನಟರಾಜುವಿನ ಆಸ್ಪತ್ರೆ ಓಡಾಟ ತಮ್ಮ ತಲೆಗೆ ಬರುತ್ತದೆ ಅನ್ನುವ ಭಯ ಎಲ್ಲರಿಗೂ. ಜಗಲಿಯ ಕೆಳಗೆ ಅವರವರ ಚಪ್ಪಲಿ ಕಾಯುತ್ತಾ ಅವರವರ ನಾಯಿಗಳು ಕೂತಿದ್ದವು.

ಯಶೋಧರಾ ಕೈ ಎತ್ತಿದಳು. “ಚನ್ನಪ್ಪಣ್ಣ, ಬರ್ಕೊ. ಊರಲ್ಲಿರೋ ಇಪ್ಪತ್ತಾರು ನಾಯೂ ನಂದೇ.”

ಸೆಕ್ರೆಟರಿ ಚನ್ನಪ್ಪ ಪೆನ್ನು ಹಿಡಿದು ಅಧ್ಯಕ್ಷರ ಮುಖ ನೋಡಿದ. ಜಗಲಿಯಲ್ಲಿ ನಗುವೋ ನಗು.

“ಬರಿ ಬರಿ! ಇನ್ಮೇಲೆ ಯಾರ್ಗೆ ಕಚ್ಚಿದ್ರೂ ಯಶೋದಮ್ಮಂದೇ ಜವಾಬ್ದಾರಿ. ಎಲ್ರೂ ಸೈನ್ ಆಕ್ರಪ್ಪ,” ಅಂದ ಕಾಂತರಾಜು. ಇಷ್ಟು ಸಲೀಸಾಗಿ ಪೀಡೆ ಕಳೆಯಿತಲ್ಲ ಅಂತ ಜನ ನುಗ್ಗಿ ನುಗ್ಗಿ ನಡಾವಳಿ ಪುಸ್ತಕಕ್ಕೆ ಸಹಿ ಹಾಕಿದರು. ಸಾಲದ ಪತ್ರಕ್ಕಾದರೂ ಎರಡು ಸಲ ಓದಿಸಿ ಕೇಳುವ ಜನ, ಅವತ್ತು ಒಂದು ಸಲವೂ ಕೇಳಲಿಲ್ಲ.

ಮನೆಯಲ್ಲಿ ದೇವರಾಜ ತಲೆ ಮೇಲೆ ಕೈಹೊತ್ತು ಕೂತಿದ್ದ. “ಅಧ್ಯಕ್ಷರಿಗೆ ಮಾತು ಕೊಟ್ಬುಟ್ಟಿವ್ನಿ ಕಣೆ. ನಿನ್ನ ಕೆಲಸಕ್ಕೂ ಕುತ್ತು ಬತ್ತದೆ.”

“ಬರ್ಲಿ. ಆಟೋ ಬೀಗದ ಕೈ ರಾಗಿ ಡಬ್ಬದ ತಳದಲ್ಲದೆ. ಬೇಕಾದ್ರೆ ತಕೊ, ಒಂದು ಕ್ವಿಂಟಾಲ್ ರಾಗಿ ಆಚೆ ಸುರಿಬೇಕಾಯ್ತದೆ.”

ದೇವರಾಜ ಡಬ್ಬ ನೋಡಿದ, ಹೆಂಡತಿಯನ್ನು ನೋಡಿದ, ಊಟಕ್ಕೆ ಕೂತ.

ಶನಿವಾರ ಬೆಳಿಗ್ಗೆ ಹಾಲಿನ ಹೊತ್ತಿಗೆ ಸರಿಯಾಗಿ ದನದ ಆಸ್ಪತ್ರೆ ಡಾಕ್ಟರು ಲಸಿಕೆಯ ಐಸ್ ಡಬ್ಬದೊಂದಿಗೆ ಬಂದಿಳಿದರು. ದ್ಯಾವಯ್ಯನ ಮಗಳು ಫೋನು ಮಾಡಿದರೆ ಇಲ್ಲ ಅನ್ನಲಾಗಿರಲಿಲ್ಲ. ಯಶೋಧರಾ ತನ್ನ ಹಳೇ ಹಳದಿ ಸೀರೆ ಹರಿದು ಇಪ್ಪತ್ತಾರು ಕೊರಳಪಟ್ಟಿ ಮಾಡಿ, ಪ್ರತಿಯೊಂದರ ಮೇಲೂ ‘ಯ’ ಅಂತ ಬರೆದಿದ್ದಳು.

ಸಾಲಿನಲ್ಲಿ ಮೊದಲು ಚಿಕ್ಕಲಕ್ಷ್ಮಮ್ಮ. “ಏನೇ ಇದು, ನಮ್ ರಾಜನ ಕುತ್ಗೆಗೆ?”

“ನಿಮ್ ರಾಜ ಅಲ್ಲ ಕಣಕ್ಕ, ನನ್ ರಾಜ. ಬುಕ್ಕಲ್ಲದೆ. ಇವತ್ತು ಸೂಜಿ, ಮುಂದಿನ ವಾರ ಆಸನದ ದೊಡ್ಡಾಸ್ಪತ್ರೆಗೆ ಕರ್ಕೊಂಡೋಗಿ ಮರಿ ಆಗ್ದಂಗೆ ಆಪ್ರೇಸನ್ನು, ಆಮೇಲಿಂದ ನಮ್ಮನೆ ಬಾಗ್ಲಲ್ಲೇ ಇರ್ತದೆ.”

“ಅಯ್ಯೋ ನಿನ್ನ! ಆಪ್ರೇಸನ್ ಮಾಡಿದ್ರೆ ಬೊಗಳಾಕಿಲ್ವಂತೆ! ತ್ವಾಟ ಯಾರ್ ಕಾಯ್ತಾರೆ?”

ಡಾಕ್ಟರು ನಕ್ಕರು. “ಬೊಗಳೋದು ಗಂಟಲಲ್ಲಿ ಕಣಮ್ಮ. ಆಪರೇಷನ್ ಅಲ್ಲಲ್ಲ.”

“ನನ್ ರಾಜಂಗೆ ಎಲ್ಲೂ ಬ್ಯಾಡ. ಅದು ನಂದು ಕಣವ್ವ. ಅನ್ನ ಆಕ್ದೋಳು ನಾನು!”

“ಅಂಗಾದ್ರೆ ಬುಕ್ಕಲ್ಲಿ ನನ್ನೆಸ್ರು ಒಡೆದು ನಿಮ್ಮೆಸ್ರು ಬರೀರಿ. ಸೂಜಿ ಆಕೋವಾಗ ನೀವೇ ಇಡ್ಕೋಬೇಕು. ವರ್ಷಾವರ್ಷ ಆಕಿಸ್ಬೇಕು. ಯಾರ್ಗಾದ್ರೂ ಕಚ್ಚಿದ್ರೆ ನಂದೇ ಅನ್ಬೇಕು. ಆಪ್ರೇಸನ್ ವಿಚಾರ ಡಾಕ್ಟ್ರತ್ರ ನಿಧಾನಕ್ಕೆ ಮಾತಾಡನ, ತಪ್ಪಿಸ್ಕೊಳ್ಳೋಂಗಿಲ್ಲ.”

ಚಿಕ್ಕಲಕ್ಷ್ಮಮ್ಮ ಶಾಪ ಹಾಕುತ್ತಲೇ ಹೆಬ್ಬೆಟ್ಟು ಒತ್ತಿದಳು. ರಾಜನಿಗೆ ಸೂಜಿ ಬೀಳುವಾಗ ಕಣ್ಣು ಮುಚ್ಚಿಕೊಂಡವಳೂ ಅವಳೇ. ಅವಳ ಹಿಂದೆ ಒಬ್ಬೊಬ್ಬರಾಗಿ ಗೊಣಗುತ್ತಾ, ಬಯ್ಯುತ್ತಾ, ತಮ್ಮ ನಾಯಿಯನ್ನು ತಾವೇ ವಾಪಸ್ಸು ಪಡೆಯಲು ಸಹಿ ಹಾಕಿದರು. ಏಳೂವರೆಗೆ ಇಪ್ಪತ್ನಾಲ್ಕು ಹೆಸರು ಹೊಡೆದಾಗಿತ್ತು.

ಆಮೇಲೆ ಕಾಂತರಾಜು ಬಂದ. ಹಿಂದೆ ಟೈಗರ್.

ಯಶೋಧರಾ ಹಾಲು ಮಿಷನ್ನಿಗೆ ಹಾಕಿದಳು. “ನಾಲ್ಕು ಪಾಯಿಂಟ್ ಎರಡು. ಅಧ್ಯಕ್ಷರೇ, ಈ ಹಸ ನಿಮ್ದಾ, ಬೀದಿ ಹಸನಾ?”

“ನಾಲ್ಗೆ ಬಿಗಿ ಇಡಿ ಯಶೋದಾ. ಒಂದ್ ಮೀಟಿಂಗ್ ಕರೆದ್ರೆ ನಾಳೆ ಈ ಕುರ್ಚಿ ಮೇಲೆ ನೀನಿರಾಕಿಲ್ಲ.”

ಕೆಳಬೀದಿಯ ಹೆಣ್ಣುಮಗಳು ತಾನು ಆ ಕುರ್ಚಿ ಹತ್ತಿದಾಗ ಆರು ತಿಂಗಳು ಹಾಲು ತರದೆ ಮುನಿಸಿಕೊಂಡಿದ್ದ ಮನೆಗಳು ಯಶೋಧರಾಗೆ ನೆನಪಿದ್ದವು. ಆದರೂ ಕ್ಯಾನನ್ನು ಅವನತ್ತ ಸರಿಸಿ ಅಂದಳು, “ತೆಗೀರಿ. ಯಾಕೆ ತೆಗೆದ್ರಿ ಅಂತ ಅದೇ ಪುಸ್ತಕದಲ್ಲಿ ಬರೀಬೇಕು. ‘ಅಧ್ಯಕ್ಷರ ನಾಯ್ನ ಅಧ್ಯಕ್ಷರದು ಅಂದಿದ್ದಕ್ಕೆ’ ಅಂತ. ಚನ್ನಪ್ಪಣ್ಣನ ಅಕ್ಷರ ಚೆಂದಾಗದೆ.”

ಡಾಕ್ಟರು ಟೈಗರ್ ಕಡೆ ತಿರುಗಿದರು. “ನಟರಾಜುಗೆ ಕಚ್ಚಿದ್ದು ಇದೇ ತಾನೆ? ಇದಕ್ಕೆ ಇವತ್ತು ಲಸಿಕೆ ಬೇಡ. ಹತ್ತು ದಿನ ಕಟ್ಟಿ ಹಾಕಿ, ಹುಚ್ಚಿನ ಗುರುತು ಬರುತ್ತಾ ಅಂತ ನೋಡ್ಬೇಕು. ಯಾರ ಮನೇಲಿ?”

ಕಾಂತರಾಜು ಆಕಾಶ ನೋಡಿದ.

“ನಮ್ಮನೇಲಿ ಸಾ. ಬುಕ್ಕಲ್ಲಿ ನಂದೇ ಅಲ್ವಾ,” ಅಂದು ಯಶೋಧರಾ ಸರಪಳಿ ಎತ್ತಿಕೊಂಡು ಕೆಳಗಿಳಿದಳು. ಟೈಗರ್ ಹಲ್ಲು ಕಿರಿದು ಗುರ್ ಅಂದಿತು. ಡಾಕ್ಟರು ಬೇಡ ಬೇಡ ಅನ್ನುತ್ತಿದ್ದರು. ಇನ್ನೊಂದು ಹೆಜ್ಜೆ ಇಟ್ಟಳು. ನಾಯಿಯ ಬೆನ್ನ ಮೇಲಿನ ಕೂದಲು ನೆಟ್ಟಗಾಯಿತು.

“ಕೂತ್ಕಳಾ ಟೈಗರ್!”

ಟೈಗರ್ ತಟಕ್ಕನೆ ಕೂತಿತು. ಕೂತು, ಬಾಲದಿಂದ ನೆಲ ಗುಡಿಸುತ್ತಾ, ಕೂಗಿದ ಯಜಮಾನನ ಮುಖ ನೋಡಿತು. ಸಾಲಿನಲ್ಲಿದ್ದವರೆಲ್ಲ ಅದೇ ಮುಖ ನೋಡಿದರು. ಯಾರೋ ಕಿಸಕ್ಕೆಂದರು. ಆಮೇಲೆ ಕ್ಯಾನುಗಳೇ ಅಲ್ಲಾಡುವಷ್ಟು ನಗು.

ಕಾಂತರಾಜು ಕೆಂಪಗಾಗಿ ಕೈ ಚಾಚಿದ. “ಕೊಡಿತ್ತ ಸರಪಣಿ.”

“ಮೊದ್ಲು ಸೈನು,” ಅಂದಳು ಯಶೋಧರಾ. ಹಾಕಿದ. “ನಟರಾಜುಗೆ ಮಂಗಳವಾರ ಮೂರ್ನೇ ಸೂಜಿ. ಆಸ್ಪತ್ರೆಗೆ ನೀವೇ ಗಾಡೀಲಿ ಕರ್ಕೊಂಡೋಗ್ಬೇಕು.”

“ಬೆನ್ನಿಂದೆ ಕುಂಡ್ರಿಸ್ಕೊಂಡಾ?”

“ಮುಂದೆ ಕುಂಡ್ರಿಸ್ಕೊಂಡ್ರೂ ಸರಿ.”

ಭಾನುವಾರ ಆಟೋ ಎಲ್ಲಿಗೂ ಹೋಗಲಿಲ್ಲ. ಮಂಗಳವಾರ ಅಧ್ಯಕ್ಷರ ಬೈಕಿನ ಹಿಂದೆ ನಟರಾಜು ದಾರಿಯುದ್ದಕ್ಕೂ ಕಂಡವರಿಗೆಲ್ಲ ಕೈ ಬೀಸುತ್ತಾ ಹೋದ. ಯಶೋಧರಾಳನ್ನು ತೆಗೆಯುವ ಮೀಟಿಂಗು ಇನ್ನೂ ಕರೆದಿಲ್ಲ. ಕರೆಯುವುದೇ ಇಲ್ಲ ಅಂತಲೂ ಯಾರೂ ಹೇಳಿಲ್ಲ. ಅವಳು ಮಾತ್ರ ಆರಕ್ಕೇ ಬಾಗಿಲು ತೆಗೆಯುತ್ತಾಳೆ.

ಪುಸ್ತಕದಲ್ಲಿ ಈಗ ಅವಳ ಹೆಸರಿನ ಮುಂದೆ ಉಳಿದಿರುವುದು ಒಂದೇ ನಾಯಿ. ಮೊನ್ನೆ ಇನ್‌ಸ್ಪೆಕ್ಟರು ಬಂದು ಮೆಟ್ಟಿಲ ಕೆಳಗೆ ಬಗ್ಗಿ, “ಯಾರದ್ರೀ ಇದು?” ಅಂದಾಗ, ಕೇಳುವುದು ಮುಗಿಯುವ ಮೊದಲೇ “ನಂದು ಸಾ, ಬೆಳ್ಳಿ” ಅಂದುಬಿಟ್ಟಳು.

ಮರಿಗಳು ಕಣ್ಣು ಬಿಟ್ಟ ದಿನ ಚಿಕ್ಕಲಕ್ಷ್ಮಮ್ಮ ಬಗ್ಗಿ ನೋಡಿದಳು. “ಒಂದು ನಂಗಿರ್ಲಿ ಕಣೆ. ಗಂಡಿದ್ರೆ ನೋಡಿ ಮಡ್ಗು.”

“ಒಂದೇ ಗಂಡು ಕಣಕ್ಕ, ಅದು ಕೊನೇಗೆ. ಮೊದ್ಲು ಎಣ್ಣು ಮೂರೂ ಓಗ್ಬೇಕು,” ಅಂದು ಯಶೋಧರಾ ನಡಾವಳಿ ಪುಸ್ತಕ ತೆರೆದು, ಇಂಕ್ ಪ್ಯಾಡನ್ನು ಅವಳ ಮುಂದೆ ತಳ್ಳಿದಳು. “ಒತ್ತಿ.”