ಬೆಟ್ಟ ಬೆವರುವಲ್ಲಿ ಸಿಕ್ಕ ಕವಚ

ಏಳನೇ ತಿಂಗಳಲ್ಲಿ ಡಾಕ್ಟರು ನನ್ನನ್ನು ಮಲಗಿಸಿಬಿಟ್ಟರು. ಮಾಸು ಕೆಳಗಿದೆ, ಬಚ್ಚಲಿಗೆ ಹೋಗಿಬರುವುದು ಬಿಟ್ಟರೆ ಹೆರಿಗೆಯವರೆಗೂ ಏಳಬಾರದು ಎಂದರು. ನಾನು ನಂಜನಾಡಿನ ಕಡೆ ಕ್ಯಾರೆಟ್ ಕೀಳುತ್ತಾ ಬೆಳೆದವಳು. ಮದುವೆಯಾಗಿ ಕೋತಗಿರಿ ಹತ್ತಿರದ ಈ ಹಟ್ಟಿಗೆ ಬಂದ ಮೇಲೆ ಟೀ ಎಲೆ ಕೀಳುವುದನ್ನು ಕಲಿತೆ. ಹಗಲು ಹೊತ್ತು ಮಲಗಿ ಅಭ್ಯಾಸವೇ ಇರಲಿಲ್ಲ. ಮೊದಲ ವಾರ ತಾರಸಿಯ ಮೇಲೆ ಬೀಳುವ ಮಳೆ ಕೇಳಿಸಿಕೊಂಡು ಅಳುತ್ತಿದ್ದೆ.

ನನ್ನ ಗಂಡ ಎಲೆ ಲಾರಿ ಓಡಿಸುತ್ತಾರೆ. ಬೆಳಿಗ್ಗೆ ಹೋದರೆ ಫ್ಯಾಕ್ಟರಿಗೆ ಎಲೆ ಇಳಿಸಿ ಬರುವಾಗ ಸಂಜೆ. ನನ್ನ ಮುಖ ನೋಡಲಾರದೆ ಒಂದು ದಿನ ಹಜಾರದ ಟಿವಿಯನ್ನೂ ತಮ್ಮ ವಿಡಿಯೋ ಗೇಮ್ ಪೆಟ್ಟಿಗೆಯನ್ನೂ ನನ್ನ ಕೋಣೆಗೆ ತಂದು ಜೋಡಿಸಿದರು. ಕಂಟ್ರೋಲರ್ ಕೈಗೆ ಕೊಟ್ಟು, "ಇದರಲ್ಲಿ ಎಷ್ಟು ಬೇಕಾದರೂ ನಡಿ. ಡಾಕ್ಟರು ಬೇಡ ಅನ್ನೋದಿಲ್ಲ" ಎಂದರು.

ಅದೊಂದು ದೊಡ್ಡ ದೇಶದ ಆಟ. ಬಿಲ್ಲು ಹಿಡಿದ ಒಬ್ಬ ಹುಡುಗಿ. ಅವಳನ್ನು ಎಲ್ಲಿಗಾದರೂ ಕರೆದೊಯ್ಯಬಹುದು: ಕಾಡು, ಹೊಳೆ, ಹಿಮದ ಬೆಟ್ಟ. ಇಂಥ ದಾರಿಯಲ್ಲೇ ಹೋಗಬೇಕೆಂಬ ಕಟ್ಟಿಲ್ಲ. ಗಂಡನ ಆಟ ಹಾಗೇ ಇರಲಿ ಎಂದು ನಾನು ಹೊಸದಾಗಿ, ಮೊದಲಿನಿಂದ ಶುರುಮಾಡಿದೆ. ಮೊದಮೊದಲು ಬಂಡೆಗೆ ಡಿಕ್ಕಿ ಹೊಡೆದೆ, ಹೊಳೆಗೆ ಬಿದ್ದೆ, ತೋಳಗಳ ಬಾಯಿಗೆ ಸಿಕ್ಕಿದೆ. ನನ್ನ ಅತ್ತೆ, ನಾನು ಮಾಮಿ ಎಂದು ಕರೆಯುವವರು, ಗಂಜಿ ತಂದು ಬಾಗಿಲಲ್ಲಿ ನಿಂತು ನೋಡಿದರು.

"ಬಸುರಿ ಹೆಣ್ಣು ನೋಡುವ ನೋಟವಾ ಇದು?" ಎಂದರು.

"ಬೇರೇನು ಮಾಡಲಿ ಮಾಮಿ?"

ಅವರು ಗಂಜಿ ಇಟ್ಟು ಹೋದರು. ಮರುದಿನ ಬಾಗಿಲಲ್ಲಿ ನಿಲ್ಲದೆ ಒಳಗೆ ಬಂದು ಕುರ್ಚಿ ಎಳೆದು ಕೂತರು.

ಆಟದೊಳಗೆ ಕುರಿ ಮೇಯಿಸುವ ಒಬ್ಬ ಮುದುಕಿ ಸಿಗುತ್ತಾಳೆ. ಎಲ್ಲರೂ ಅವಳಿಂದ ಉಣ್ಣೆ ತೆಗೆದುಕೊಂಡು ಮುಂದೆ ಹೋಗುತ್ತಾರಂತೆ. ನನಗೇನೂ ಅವಸರ ಇರಲಿಲ್ಲವಲ್ಲ, ಅವಳ ಮಾತು ಮುಗಿಯುವವರೆಗೂ ಕೇಳಿದೆ. ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮಾಮಿಗೆ ಬಿಡಿಸಿ ಹೇಳಿದೆ: ಹಿಂದೆ ಒಬ್ಬ ವೀರ ಹೆಂಗಸು ಹಿಮದ ಬೆಟ್ಟ ದಾಟಿ ಬಂದು, ಬೆಟ್ಟ ಬೆವರುವ ಜಾಗದಲ್ಲಿ ತನ್ನ ಕವಚ ಕಳಚಿಟ್ಟಳು, ಅದನ್ನು ಯಾರೂ ಕಂಡಿಲ್ಲ.

"ಬೆಟ್ಟ ಬೆವರುವುದಾ?" ಮಾಮಿ ನಕ್ಕರು.

ನಾನು ನಗಲಿಲ್ಲ. ನಮ್ಮ ಅಪ್ಪನ ಹೊಲದ ಮೇಲ್ಗಡೆ ಅಂಥದೊಂದು ಜಾಗವಿತ್ತು. ಮೇಲೆ ಹಳ್ಳವಿಲ್ಲ, ತೊರೆಯಿಲ್ಲ, ಆದರೂ ಬೇಸಿಗೆಯಲ್ಲೂ ಮಣ್ಣು ಒದ್ದೆ, ಹುಲ್ಲು ಹಸಿರು. ನೀರು ಬೆಟ್ಟದ ಒಳಗಿನಿಂದಲೇ ಜಿನುಗುತ್ತಿತ್ತು. ಆಟದಲ್ಲೂ ಅಂಥದ್ದೇ ಇರಬೇಕು ಎನ್ನಿಸಿ, ಒಣಗಿದ ಕಂದು ಬೆಟ್ಟಗಳನ್ನೆಲ್ಲ ಸುತ್ತುತ್ತಾ ಹೋದೆ. ದಿನಗಟ್ಟಲೆ ಏನೂ ಸಿಗಲಿಲ್ಲ. ಕಡೆಗೆ ಒಂದು ಮಧ್ಯಾಹ್ನ, ಬೋಳು ಗುಡ್ಡದ ಮಗ್ಗುಲಲ್ಲಿ ಸೀರೆಯಂಚಿನಷ್ಟು ತೆಳ್ಳಗೆ ಹಸಿರು ಗೆರೆ ಕಂಡಿತು. ಅದನ್ನೇ ಹಿಡಿದು ಹತ್ತಿದೆ. ಜರೀಗಿಡಗಳ ಹಿಂದೆ ಒಂದು ಬಿರುಕು. ಹುಡುಗಿ ಮಗ್ಗುಲಾಗಿ ನುಸುಳಿದಳು. ಒಳಗೆ ಕಲ್ಲಿನ ಮೇಲೆ, ಮಂಜಿನ ಬಣ್ಣದ ಎದೆಗವಚ.

ನಾನು ಕೂಗಿದ ಕೂಗಿಗೆ ಮಾಮಿ ಅಡುಗೆಮನೆಯಿಂದ ಓಡಿಬಂದರು. "ನೋವಾ? ನೋವು ಬಂತಾ?"

"ಇಲ್ಲೆ ಮಾಮಿ! ಸಿಕ್ಕಿತು!"

ಅವರು ನನ್ನ ಹೊಟ್ಟೆ ಮುಟ್ಟಿ ನೋಡಿದರು, ಆಮೇಲೆ ಟಿವಿ ನೋಡಿದರು. ಬೈಯುತ್ತಾರೆ ಎಂದುಕೊಂಡೆ. "ಎನ್ನ ಕೂಸೇ," ಎಂದು ನನ್ನ ತಲೆ ಸವರಿದರು. "ನಿಂಗೆ ಹೆಂಗೆ ಗೊತ್ತಾಯಿತು?"

ಕವಚಕ್ಕೆ ಜೊತೆಯ ಶಿರಸ್ತ್ರಾಣವೂ ಇದೆ ಎಂದು ಆ ಗುಹೆಯ ಗೋಡೆಯ ಚಿತ್ರದಲ್ಲಿ ತೋರಿಸಿತ್ತು. ಅದು ಇದ್ದ ಜಾಗ ಸಿಗುವುದು ಕಷ್ಟವಾಗಲಿಲ್ಲ, ಒಳಗೆ ಹೋಗುವುದೇ ಕಷ್ಟವಾಯಿತು. ಗುಹೆಯ ಬಾಯಲ್ಲಿ ಕಾಟಿಯಂಥ, ಅಂದರೆ ಕಾಡುಕೋಣದಂಥ ದೊಡ್ಡ ಮೃಗ. ಬಾಣ ಬಿಟ್ಟರೆ ಅದು ಹಾಯ್ದು ಬಂದು ಹುಡುಗಿಯನ್ನು ಎತ್ತಿ ಎಸೆಯುತ್ತಿತ್ತು. ಮತ್ತೆ ಬಿಟ್ಟೆ, ಮತ್ತೆ ಎಸೆಯಿತು. ಕೈ ಬೆವರಿ ಕಂಟ್ರೋಲರ್ ಜಾರತೊಡಗಿತು.

ಮಾಮಿ ಅವರೆಕಾಯಿ ಸುಲಿಯುತ್ತಾ ಕೂತಿದ್ದವರು ಕೇಳಿದರು, "ಏಕ ಅದಕ್ಕೆ ಹೊಡೆಯುತ್ತೀ? ನಮ್ಮ ತೋಟಕ್ಕೆ ಕಾಟಿ ಬಂದರೆ ನೀ ಹೊಡೆಯುತ್ತೀಯಾ?"

"ಇಲ್ಲೆ ಮಾಮಿ. ಇದು ಆಟ. ಇದರಲ್ಲಿ ಹೊಡೆಯಬೇಕು."

"ಹಂಗಂತ ಯಾರು ಹೇಳಿದರು?"

ಯಾರೂ ಹೇಳಿರಲಿಲ್ಲ. ನಮ್ಮಲ್ಲಿ ಎಲೆ ಕೀಳುವಾಗ ಕಾಟಿ ಬಂದರೆ ಬೆನ್ನು ತಿರುಗಿಸಿ ಓಡುವುದಿಲ್ಲ, ಕಲ್ಲೂ ಎಸೆಯುವುದಿಲ್ಲ. ಅದರ ದಾರಿ ಬಿಟ್ಟು ಸುಮ್ಮನೆ ನಿಲ್ಲುತ್ತೇವೆ. ನಾನು ಹುಡುಗಿಯ ಬಿಲ್ಲನ್ನು ಇಳಿಸಿ ಬೆನ್ನಿಗೆ ಹಾಕಿದೆ. ಅವಳನ್ನು ಒಂದು ಬಂಡೆಯ ಪಕ್ಕಕ್ಕೆ ನಿಧಾನವಾಗಿ ಸರಿಸಿ ನಿಲ್ಲಿಸಿದೆ. ಮೃಗ ಬುಸುಗುಟ್ಟಿತು, ಗೊರಸಿನಿಂದ ನೆಲ ಕೆರೆಯಿತು. ನಾನೂ ಮಾಮಿಯೂ ಉಸಿರು ಬಿಗಿಹಿಡಿದು ಕೂತೆವು. ಬಹಳ ಹೊತ್ತಾದ ಮೇಲೆ ಅದು ಕತ್ತು ತಗ್ಗಿಸಿ, ನಮ್ಮನ್ನು ಲೆಕ್ಕಕ್ಕೇ ಇಡದೆ, ಕೆಳಗಿನ ಕೆರೆಗೆ ನೀರು ಕುಡಿಯಲು ಇಳಿದುಹೋಯಿತು.

"ಆತು," ಎಂದರು ಮಾಮಿ, "ಈಗ ಹೋಗು. ಬೇಗ ಹೋಗು."

ಶಿರಸ್ತ್ರಾಣ ತಲೆಗೇರಿತು. ಆದರೆ ಕವಚ ಹಳೆಯದು, ತುಕ್ಕು ಹಿಡಿದದ್ದು. ಅದನ್ನು ತೊಟ್ಟು ಹಿಮದ ಬೆಟ್ಟಕ್ಕೆ ಹೋದರೆ ಹುಡುಗಿ ಅರ್ಧ ದಾರಿಯಲ್ಲೇ ಮರಗಟ್ಟಿ ಬೀಳುತ್ತಿದ್ದಳು. ಆಟದ ಒಂದು ಊರಿನಲ್ಲಿ ಕುಲುಮೆಯಿತ್ತು. ಅಲ್ಲಿನ ಕಮ್ಮಾರ ಕವಚವನ್ನು ಹಂತಹಂತವಾಗಿ ಗಟ್ಟಿಮಾಡಿಕೊಡುತ್ತಿದ್ದ. ಅದಕ್ಕೆ ಅವನು ಕೇಳಿದ್ದು ನೀಲಿ ಪಾಚಿ, ಮರದ ಅಂಟು, ಜಿಂಕೆ ಉದುರಿಸಿದ ಕೊಂಬು. ಹಂತ ಏರಿದಷ್ಟೂ ಹೆಚ್ಚು ಬೇಕು. ನನಗೆ ಹುಡುಕುವುದು ಇಷ್ಟ, ಸಂಗ್ರಹಿಸುವುದು ಬೇಜಾರು. ಒಂದೇ ಥರದ ಬಂಡೆಯಿಂದ ಒಂದೇ ಥರದ ಪಾಚಿಯನ್ನು ಎಷ್ಟು ಕೆರೆಯುವುದು? ಆ ಮಧ್ಯಾಹ್ನ ಕಂಟ್ರೋಲರ್ ಪಕ್ಕಕ್ಕಿಟ್ಟು ನಿದ್ದೆಹೋದೆ.

ಎದ್ದು ನೋಡಿದರೆ ಅದು ಮಾಮಿಯ ಕೈಯಲ್ಲಿತ್ತು. ಕನ್ನಡಕ ಮೂಗಿನ ತುದಿಗೆ ಬಂದಿತ್ತು. ಪರದೆಯ ಮೇಲೆ ಹುಡುಗಿ ಬಂಡೆಯಿಂದ ಬಂಡೆಗೆ ಹೋಗಿ ಬಗ್ಗುತ್ತಿದ್ದಳು, ಏಳುತ್ತಿದ್ದಳು.

"ಮಾಮಿ! ಯಾರು ಹೇಳಿಕೊಟ್ಟರು?"

"ಇಷ್ಟು ದಿನ ನಿನ್ನ ಬೆರಳನ್ನೇ ನೋಡುತ್ತಿದ್ದೆನಲ್ಲ. ಓಡಲು ಬರುವುದಿಲ್ಲ, ಹತ್ತಲು ಬರುವುದಿಲ್ಲ. ಕೀಳಲು ಬರುತ್ತದೆ." ದನಿ ಇಳಿಸಿ ಹೇಳಿದರು, "ಇದು ಚೆನ್ನಾಗಿದೆ ಕೂಸು. ಬೆನ್ನು ನೋಯುವುದಿಲ್ಲ."

ಅಂದಿನಿಂದ ನಮ್ಮ ಕೆಲಸ ಹಂಚಿಕೆಯಾಯಿತು. ಬೆಳಿಗ್ಗೆ ನಾನು ದಾರಿ ಹುಡುಕಿ ಹುಡುಗಿಯನ್ನು ಒಳ್ಳೆಯ ಜಾಗಕ್ಕೆ ತಂದು ನಿಲ್ಲಿಸುತ್ತಿದ್ದೆ. ಊಟವಾದ ಮೇಲೆ ಮಾಮಿ ಕೀಳುತ್ತಿದ್ದರು. ಕರೆಂಟು ಹೋದರೆ ಇಬ್ಬರೂ ಸರ್ಕಾರವನ್ನು ಬೈಯುತ್ತಿದ್ದೆವು. ಜಿಂಕೆಯ ಕೊಂಬು ಸಿಕ್ಕ ದಿನ ಅವರು ಪಕ್ಕದ ಮನೆಯ ಅಕ್ಕನನ್ನು ಕರೆದು ತೋರಿಸಿದರು. "ಎಂಗ ಸೊಸೆ ಕಂಡುಹಿಡಿದ ಕವಚಕ್ಕೆ" ಎಂದು, ಅಕ್ಕನನ್ನು ಕಳಿಸುವಾಗ ಹಜಾರದಲ್ಲಿ ಅವರು ಹೇಳಿದ್ದು ಗೋಡೆಯಾಚೆಯಿಂದ ನನಗೆ ಕೇಳಿಸಿತು. ಮದುವೆಯಾದಾಗಿನಿಂದ ನನ್ನ ಬಗ್ಗೆ ಅವರು ಯಾರ ಮುಂದೆಯೂ ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಕವಚ ಕಡೆಯ ಹಂತಕ್ಕೆ ಬಂದ ಸಂಜೆ ಅದು ಬೆಳ್ಳಿಯ ಹಾಗೆ ಹೊಳೆಯಿತು. ಹುಡುಗಿ ಹಿಮದ ಬೆಟ್ಟ ಹತ್ತಿದಳು, ನಡುಗಲಿಲ್ಲ. ತುದಿಯಲ್ಲಿ ನಿಂತಾಗ ಇಡೀ ದೇಶ ಕಾಲಡಿಯಲ್ಲಿತ್ತು. ನಾವು ಅಲೆದ ಗುಡ್ಡ, ಕಾಟಿಯ ಗುಹೆ, ಕುಲುಮೆಯ ಹೊಗೆ ಎಲ್ಲ ಕಂಡವು. ಆಗಲೇ ನನ್ನ ಗಂಡ ಒದ್ದೆ ಜರ್ಕಿನ್ ಬಿಚ್ಚುತ್ತಾ ಒಳಗೆ ಬಂದರು. ಬಂದವರು ಹಾಗೇ ನಿಂತರು.

"ಇದು ಯಾವ ಕವಚ? ಎರಡು ವರ್ಷದಿಂದ ಆಡುತ್ತಿದ್ದೇನೆ, ನೋಡೇ ಇಲ್ಲವಲ್ಲ! ನೆಟ್ಟಲ್ಲಿ ನೋಡಿದೆಯಾ?"

"ಈ ಮಳೆಯಲ್ಲಿ ಸಿಗ್ನಲ್ ಎಲ್ಲಿದೆ? ನಾವೇ ಹುಡುಕಿದೆವು."

"ನಾವು ಅಂದರೆ?"

ಮಾಮಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು.

ಆಡಿ ತಿಂಗಳು ಕಳೆದ ಮೇಲೆ ನನಗೆ ಮಗಳು ಹುಟ್ಟಿದಳು. ಆಪರೇಷನ್ ಆಯಿತು, ಆದರೆ ಇಬ್ಬರೂ ಕ್ಷೇಮವಾಗಿ ಮನೆಗೆ ಬಂದೆವು. ಈಗ ಟಿವಿ ಮತ್ತೆ ಹಜಾರದಲ್ಲಿದೆ. ಭಾನುವಾರ ನನ್ನ ಗಂಡ ತಮ್ಮ ಆಟದಲ್ಲಿ ಅದೇ ಕವಚಕ್ಕಾಗಿ ಬೆಟ್ಟಬೆಟ್ಟ ಅಲೆಯುತ್ತಾರೆ. ಮೊನ್ನೆ ಸಾಕಾಗಿ, ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ ತಾಯಿಯ ಕಡೆ ತಿರುಗಿದರು.

"ಅವ್ವೆ, ಎಲ್ಲಿದೆ ಅಂತ ನೀವಾದರೂ ಹೇಳಿ."

ಮಾಮಿ ನನ್ನ ಮುಖ ನೋಡಿದರು. ನಾನು ಬೇಡ ಎಂದು ತಲೆಯಾಡಿಸಿದೆ.

"ಹುಡುಕು," ಎಂದರು ಮಾಮಿ. "ಎಂಗ ಇಬ್ಬರೂ ಹುಡುಕಲಿಲ್ಲವಾ?"